ಉಪ್ಪನ ಮುಖದ ಅಚ್ಚು

ನಾನು ಮಂಗಳೂರಿಗೆ ಹೋಗಿ ಚಿತ್ರಕಲೆ ಓದುತ್ತೇನೆ ಎಂದಾಗ ಮನೆಯಲ್ಲಿ ಯಾರೂ ಬೇಡ ಎನ್ನಲಿಲ್ಲ. ಆ ಕಾಲೇಜಿನಲ್ಲಿ ಎಂತ ಕಲಿಸುತ್ತಾರೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ, ಅದೇ ನನಗೆ ಅನುಕೂಲವಾಯಿತು. ಉಮ್ಮ, ನನ್ನ ತಾಯಿ, ನೆಂಟರ ಹತ್ತಿರ, 'ಮೆಹಂದಿ ಹಾಕುದು, ಗೋಡೆಗೆ ಡಿಸೈನ್ ಬರೆಯುದು, ಅಂಥದ್ದೆಲ್ಲ ಕಲಿತಾಳೆ' ಎಂದು ಹೇಳಿಕೊಂಡಿದ್ದರು. ಉಪ್ಪ, ಅಂದರೆ ನನ್ನ ತಂದೆ, ಅಷ್ಟೂ ಕೇಳಿದವರಲ್ಲ. ಬಹಳ ವರ್ಷ ಗಲ್ಫಿನಲ್ಲಿ ಕಟ್ಟಡದ ಕೆಲಸ ಮಾಡಿ, ನಾನು ಹೈಸ್ಕೂಲಿನಲ್ಲಿರುವಾಗ ಪೂರ್ತಿ ಊರಿಗೆ ಬಂದು, ಪುತ್ತೂರಿನ ಹತ್ತಿರದ ನಮ್ಮ ಸವಣೂರಿನ ಪೇಟೆಯಲ್ಲಿ ಚಪ್ಪಲಿ ಅಂಗಡಿ ಇಟ್ಟುಕೊಂಡಿದ್ದರು. 'ನಿನಗೆ ಖುಷಿ ಉಂಟಲ್ಲ ಮೋಳೇ, ಕಲಿ' ಎಂದಿದ್ದರು.

ಕೊನೆಯ ವರ್ಷ ನಾವೆಲ್ಲ ಒಂದೊಂದು ವಿಷಯ ಹಿಡಿದು ಕೆಲಸ ಮಾಡಿ ಪ್ರದರ್ಶನಕ್ಕೆ ಇಡಬೇಕಿತ್ತು. ಗಲ್ಫಿನಿಂದ ವಾಪಸು ಬಂದವರ ಫೋಟೋ ತೆಗೆಯುತ್ತೇನೆ ಎಂದು ನಾನು ಹೇಳಿದೆ. ನಮ್ಮ ಕಡೆ ಅಂಥವರಿಗೇನು ಬರವಿಲ್ಲ. ಸವಣೂರಿನಿಂದ ಹಿಡಿದು ಕೇರಳದ ಗಡಿಯ ಮಂಡೆಕೋಲಿನವರೆಗೆ ಪರಿಚಯದವರ ಮನೆಗಳಿಗೆ ಕ್ಯಾಮೆರಾ ಹೊತ್ತುಕೊಂಡು ಹೋದೆ. ಎಲ್ಲ ಕಡೆಯೂ ಒಂದೇ ಕಥೆ. ನಾನು ಕ್ಯಾಮೆರಾ ಹೊರಗೆ ತೆಗೆದ ಕೂಡಲೇ ಅವರು ಒಳಗೆ ಹೋಗಿ ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಸೆಂಟು ಪೂಸಿಕೊಂಡು ಬರುತ್ತಿದ್ದರು. ಫೋಟೋದಲ್ಲಿ ಪರಿಮಳ ಬರುತ್ತದೆಯೇ ಎಂದು ಮಂಡೆಕೋಲಿನ ಒಬ್ಬರನ್ನು ತಮಾಷೆ ಮಾಡಿದ್ದಕ್ಕೆ ಅವರು, 'ಅಭ್ಯಾಸ ಮಾರಾಯ್ತಿ, ಫೋಟೋ ಅಂದ್ರೆ ಊರಿಗೆ ಕಳಿಸ್ಲಿಕ್ಕೆ ಅಂತಲೇ ಲೆಕ್ಕ' ಎಂದು ನಕ್ಕಿದ್ದರು.

ನಮ್ಮ ಸರ್ ಆ ಫೋಟೋಗಳನ್ನು ಮೇಜಿನ ಮೇಲೆ ಹರಡಿ ನೋಡಿದರು.

'ಇದೆಲ್ಲ ಪಾಸ್‌ಪೋರ್ಟಿಗೆ ಆಗ್ತದೆ. ಕ್ಯಾಮೆರಾದ ಎದುರು ಇವರು ಯಾರೂ ಬಾಯಿ ಬಿಡುವವರಲ್ಲ. ನೀನೊಂದು ಕೆಲಸ ಮಾಡು, ಮುಖದ ಅಚ್ಚು ತೆಗಿ. ಪ್ಲಾಸ್ಟರಿನ ಒಳಗೆ ನಗ್ತಾ ಕೂತ್ಕೊಳ್ಳಿಕ್ಕೆ ಯಾರಿಗೂ ಆಗುದಿಲ್ಲ.'

ಆ ಮಾತು ನನ್ನ ತಲೆಗೆ ಹತ್ತಿತು. ರಜೆಗೆ ಬರುವಾಗ ಮೂಳೆ ಮುರಿದವರಿಗೆ ಕಟ್ಟುವ ಪ್ಲಾಸ್ಟರ್ ಬ್ಯಾಂಡೇಜನ್ನು ಮೆಡಿಕಲ್ ಶಾಪಿನಿಂದ ಕಟ್ಟುಗಟ್ಟಲೆ ತಂದೆ. ವಿಷಯ ಕೇಳಿದ್ದೇ ಉಮ್ಮನ ಮುಖ ಬಿಗಿಯಿತು.

'ಮರ ಮಾಡು, ಹೂ ಮಾಡು, ಮನುಷ್ಯರ ಮುಖ ಮಾತ್ರ ಬೇಡ. ಮುಖ ಮಾಡಿದಿಯಲ್ಲ, ಈಗ ಜೀವ ಕೊಡು ಅಂತ ಪರಲೋಕದಲ್ಲಿ ಕೇಳಿದ್ರೆ ಎಂತ ಹೇಳ್ತಿ?'

ಉಪ್ಪ ಊಟದ ತಟ್ಟೆಯಿಂದ ತಲೆಯೆತ್ತಿ, 'ಅದು ಮೂರ್ತಿ ಅಲ್ಲ, ಅಚ್ಚು. ಚಪ್ಪಲಿಗೂ ಅಚ್ಚು ಇರುದಿಲ್ವಾ?' ಎಂದರು. ಆಮೇಲೆ ನನ್ನ ಕಡೆ ತಿರುಗಿ, 'ಬೇರೆಯವರ ಮೇಲೆ ಪ್ರಯೋಗ ಮಾಡಿ ಪೆಟ್ಟು ತಿನ್ನುದು ಬೇಡ. ಮೊದಲು ನನ್ನದೇ ತೆಗಿ' ಎಂದರು.

ಉಪ್ಪನಿಗೆ ಕೆಲವು ವಿಚಿತ್ರ ಅಭ್ಯಾಸಗಳಿದ್ದವು. ಮಲಗುವ ಕೋಣೆಯ ಬಾಗಿಲು ಹಾಕಲು ಬಿಡುತ್ತಿರಲಿಲ್ಲ, ಲೈಟು ಆರಿಸಲು ಬಿಡುತ್ತಿರಲಿಲ್ಲ. ಎಷ್ಟು ಚಳಿಯಿದ್ದರೂ ಹೊದಿಕೆಯನ್ನು ಎದೆಯಿಂದ ಮೇಲೆ ಎಳೆದವರಲ್ಲ. ಮದುವೆಗೆ ಹೋಗುವಾಗ ಜನ ತುಂಬಿದ ಕಾರಿನ ಹಿಂದಿನ ಸೀಟಿನಲ್ಲಿ ಕೂರುವ ಬದಲು ಬಸ್ಸಿನಲ್ಲಿ ನಿಂತು ಬರುತ್ತಿದ್ದರು. ಗಲ್ಫಿನವರ ಚಾಳಿ ಎಂದು ನಾವು ನಗುತ್ತಿದ್ದೆವು. ಅವರೂ ನಮ್ಮ ಜೊತೆ ನಗುತ್ತಿದ್ದರು. ಹಾಗಾಗಿ ಅಚ್ಚಿನ ವಿಷಯದಲ್ಲಿ ನನಗೆ ಯಾವ ಸಂಶಯವೂ ಬರಲಿಲ್ಲ. ಇದಕ್ಕೆ ಒಪ್ಪುವಾಗ ಏನು ಯೋಚಿಸಿದ್ದಿರಿ ಎಂದು ಆಮೇಲೆ ಕೇಳಿದೆ. ಮಗಳ ಕೆಲಸವಲ್ಲವೇ, ಸ್ವಲ್ಪ ಹೊತ್ತು ತಡೆದುಕೊಂಡರಾಯಿತು ಎಂದುಕೊಂಡಿದ್ದರಂತೆ.

ಒಂದು ಶುಕ್ರವಾರ ಜುಮ್ಮಾ ಮುಗಿಸಿ, ಊಟ ಮಾಡಿ, ಮನೆಯ ಹಾಲಿನಲ್ಲಿ ಕಿಟಕಿಯ ಪಕ್ಕ ಚಾಪೆ ಹಾಸಿ ಮಲಗಿದರು. ನಾನು ಅವರ ಹುಬ್ಬಿಗೂ ಮೀಸೆಗೂ ವ್ಯಾಸಲೀನ್ ಬಳಿದೆ. ಗಡ್ಡಕ್ಕೆ ತೆಳು ಪ್ಲಾಸ್ಟಿಕ್ ಸುತ್ತಿದೆ. ನೀರು ಹೋಗಬಾರದೆಂದು ಕಿವಿಗೆ ಹತ್ತಿ ಇಟ್ಟೆ. 'ಎಂತಾದ್ರೂ ಆದ್ರೆ ಕೈ ಎತ್ತಿ ಉಪ್ಪ' ಎಂದೆ. 'ಹಜಾಮನ ಹತ್ತಿರ ಹೋದ ಹಾಗೆ ಉಂಟು' ಎಂದು ಅವರು ಹೇಳುತ್ತಿದ್ದ ಹಾಗೆಯೇ ಒದ್ದೆ ಬ್ಯಾಂಡೇಜಿನ ಮೊದಲ ಪಟ್ಟಿಯನ್ನು ಹಣೆಯ ಮೇಲೆ ಇಟ್ಟೆ. ಕೆನ್ನೆ, ಕಣ್ಣು, ಗಲ್ಲ, ಕೊನೆಗೆ ಬಾಯಿ. ಮೂಗಿನ ಹೊಳ್ಳೆಗಳನ್ನು ಮಾತ್ರ ಬಿಟ್ಟಿದ್ದೆ. ಉಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, ನೋಡಬಾರದು ಎಂದುಕೊಳ್ಳುತ್ತಲೇ ನೋಡುತ್ತಿದ್ದರು.

ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. 'ಈಗ ಬಿಸಿ ಆಗ್ತದೆ, ಹೆದರಬೇಡಿ' ಎಂದು ಹೇಳಿದೆ. ಕಿವಿಯಲ್ಲಿ ಹತ್ತಿ ಇದ್ದದ್ದರಿಂದ ಅದು ಅವರಿಗೆ ಕೇಳಿಸಿರಲಿಕ್ಕಿಲ್ಲ. ಅವರ ಕಾಲಿನ ಬೆರಳುಗಳು ಮಡಚಿಕೊಂಡವು. ತುರಿಸುತ್ತಿರಬೇಕು ಎಂದುಕೊಂಡೆ. ಕೈ ಮೇಲೆ ಬರಲೇ ಇಲ್ಲ. ಎರಡೂ ಕೈ ಚಾಪೆಯನ್ನು ಕೆರೆಯುತ್ತಿದ್ದವು, ನಾಯಿ ಮಣ್ಣು ಕೆದರುವ ಹಾಗೆ.

ಆಮೇಲೆ ಆ ಬಿಳಿ ಮುಖದ ಒಳಗಿನಿಂದ ಒಂದು ಸ್ವರ ಬಂತು. ಉಪ್ಪನ ಸ್ವರ ನನಗೆ ಗೊತ್ತಿಲ್ಲವೇ? ಅದು ಅವರದ್ದಾಗಿರಲಿಲ್ಲ. ನಾನು ಏಳುವ ಮೊದಲೇ ಅವರು ಎದ್ದು ನಿಂತಿದ್ದರು. ಕಣ್ಣಿಲ್ಲದ, ಬಾಯಿಲ್ಲದ ಮುಖ ಹೊತ್ತು ನಮ್ಮ ಹಾಲಿನಲ್ಲಿ ಓಡಿದರು. ಗೋಡೆಗೆ ಬಡಿದರು. ಉಗುರು ಹಾಕಿ ಪ್ಲಾಸ್ಟರನ್ನು ಕಿತ್ತರು. ಒಂದು ಬದಿ ಹುಬ್ಬಿನ ಕೂದಲ ಸಮೇತ ಕಿತ್ತು ಬಂತು. ಅಂಗಳಕ್ಕೆ ಹಾರಿ ಮೊಣಕಾಲೂರಿ ಬಿದ್ದು, ಒಂದು ಹೆಸರು ಹಿಡಿದು ಕೂಗತೊಡಗಿದರು. ಅದು ನನ್ನ ಹೆಸರಲ್ಲ, ಉಮ್ಮನದ್ದಲ್ಲ. ಇಚಿಲಂಪಾಡಿಯ ಅವರ ಗೆಳೆಯನ ಹೆಸರು. ಆ ಮನುಷ್ಯ ತೀರಿಕೊಂಡು ಎಷ್ಟೋ ವರ್ಷವಾಗಿತ್ತು.

ನಾನು ಕೈಯಲ್ಲಿ ಒದ್ದೆ ಬ್ಯಾಂಡೇಜು ಹಿಡಿದು ಕಂಬದ ಹಾಗೆ ನಿಂತಿದ್ದೆ. ಉಮ್ಮ ಓಡಿ ಹೋಗಿ ಅವರ ತಲೆಯನ್ನು ತಮ್ಮ ಹೊಟ್ಟೆಗೆ ಒತ್ತಿ ಹಿಡಿದರು. ಅವರು ಉಮ್ಮನನ್ನೂ ದೂಡಿದರು. 'ಮುಖ ಮುಚ್ಚಬೇಡ' ಎಂದರು.

ನೀರು ಕುಡಿಸಿ, ಮೆಟ್ಟಿಲ ಮೇಲೆ ಕೂರಿಸಿದ ಮೇಲೆ ಉಪ್ಪ ಹೇಳಿದ್ದನ್ನು ನಾನು ಇಲ್ಲಿ ಬರೆಯುತ್ತಿದ್ದೇನೆ. ಬರೆಯಲು ಅವರ ಒಪ್ಪಿಗೆ ಉಂಟು.

ನನಗಾಗ ಶಾಲೆಗೆ ಹೋಗುವ ಪ್ರಾಯವೂ ಆಗಿರಲಿಲ್ಲ. ಉಪ್ಪ ಮತ್ತು ಇಚಿಲಂಪಾಡಿಯ ಆ ಗೆಳೆಯ ಒಂದೇ ಕಂಪನಿಯಲ್ಲಿದ್ದರು. ಗೆಳೆಯ ಊರಿನಲ್ಲಿ ರಬ್ಬರ್ ತೋಟದ ಮಲಯಾಳಿ ಕ್ರಿಶ್ಚಿಯನ್ನರ ಮನೆಯವನು. ಒಂದು ದಿನ ಪೈಪು ಹಾಕಲು ತೋಡಿದ ಆಳದ ಕಣಿಯಲ್ಲಿ ಇಬ್ಬರೂ ಇಳಿದು ಕೆಲಸ ಮಾಡುತ್ತಿರುವಾಗ ಬದಿಯ ಮರಳು ಕುಸಿಯಿತು. ಇಬ್ಬರೂ ಹೂತುಹೋದರು. ಒಂದು ಪ್ಲೈವುಡ್ ಹಲಗೆ ಉಪ್ಪನ ಮುಖಕ್ಕೆ ಅಡ್ಡ ಬಿದ್ದು, ಅದರ ಅಡಿಯಲ್ಲಿ ಸ್ವಲ್ಪ ಗಾಳಿ ಉಳಿಯಿತು. ಗೆಳೆಯ ಪಕ್ಕದಲ್ಲೇ ಎಲ್ಲೋ ಇದ್ದ, ಅವನ ಮಾತು ಕೇಳುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಕೇಳಲಿಲ್ಲ.

ಉಪ್ಪನನ್ನು ಎಳೆದು ತೆಗೆದರು. ಪಕ್ಕೆಲುಬು ಮುರಿದು ಆಸ್ಪತ್ರೆಯಲ್ಲಿ ಮಲಗಿದ್ದಾಗ ಕಂಪನಿಯ ಮನುಷ್ಯನೊಬ್ಬ ಬಂದು, ನಿನ್ನ ಗೆಳೆಯ ಹಾರ್ಟ್ ಅಟ್ಯಾಕ್ ಆಗಿ ಸತ್ತಿದ್ದಾನೆ, ನೀನೂ ಹಾಗೆಯೇ ಹೇಳು, ಬೇರೆ ಮಾತು ಬಂದರೆ ನಿನ್ನ ವೀಸಾ ಇರುವುದಿಲ್ಲ ಎಂದನಂತೆ. ಹೆಣ ಮುಚ್ಚಿದ ಪೆಟ್ಟಿಗೆಯಲ್ಲಿ ಊರಿಗೆ ಬಂತು. ಯಾರೂ ತೆರೆದು ನೋಡಲಿಲ್ಲ. ಉಪ್ಪ ಮುಂದಿನ ರಜೆಗೆ ಬಂದವರು ಇಚಿಲಂಪಾಡಿಗೆ ಹೋಗಿ, ನಿದ್ದೆಯಲ್ಲೇ ಹೋದ, ನೋವಾಗಲಿಲ್ಲ ಎಂದು ಅವನ ಹೆಂಡತಿಗೆ ಹೇಳಿದರು. ಆಮೇಲೆ ಊರಿನಲ್ಲಿದ್ದಾಗಲೆಲ್ಲ ಕ್ರಿಸ್ಮಸ್ಸಿಗೆ ಖರ್ಜೂರದ ಪೆಟ್ಟಿಗೆ ಕೊಟ್ಟು ಬರುತ್ತಿದ್ದರು. ಅಲ್ಲಿ ಒಂದು ತುತ್ತು ತಿಂದವರಲ್ಲ. ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದರಂತೆ.

ನಾನು ಉಮ್ಮ ಅಳುತ್ತಾರೆ ಎಂದುಕೊಂಡಿದ್ದೆ. ಅವರು ಅಳಲಿಲ್ಲ. ಉಪ್ಪನ ಮುಖವನ್ನೇ ನೋಡಿ ಕೇಳಿದರು:

'ಆಗ ನಿಮ್ಮ ಫೋನು ಬರ್ಲಿಲ್ಲ. ಮರುಭೂಮಿಯ ಸೈಟಿಗೆ ಹಾಕಿದ್ದಾರೆ, ಸಿಗ್ನಲ್ ಇಲ್ಲ ಅಂತ ಆಮೇಲೆ ಹೇಳಿದ್ರಿ. ಆಗ ಆಸ್ಪತ್ರೆಯಲ್ಲಿ ಇದ್ದದ್ದಾ?'

'ಹೌದು.'

'ಅಲ್ಲಿ ಬೇರೆ ಮದುವೆ ಆಗಿದ್ದಾರೆ ಅಂತ ಇಲ್ಲಿ ಎಲ್ಲರೂ ಮಾತಾಡಿದ್ರು. ನಾನೂ ನಂಬಿದೆ. ನಿಮ್ಮ ಹತ್ತಿರ ಒಂದು ದಿನ ಕೇಳ್ಲಿಲ್ಲ. ಇಷ್ಟು ವರ್ಷ ಇಲ್ಲದ ಒಂದು ಹೆಂಗಸಿನ ಜೊತೆ ಮನಸ್ಸಿನಲ್ಲೇ ಜಗಳ ಮಾಡ್ತಾ ಇದ್ದೆ ನಾನು.'

ಉಪ್ಪ ದಂಗಾಗಿ ಕುಳಿತರು. ನಾನೂ. ನಮ್ಮ ಮನೆ ಸಾಧಾರಣ, ನಗುನಗುತ್ತ ಇರುವ ಮನೆ ಎಂದು ತಿಳಿದಿದ್ದೆ. ಅದರೊಳಗೆ ಇಷ್ಟು ಕಾಲ ಒಬ್ಬ ಸತ್ತ ಗಂಡಸು, ಹುಟ್ಟದ ಒಬ್ಬ ಹೆಂಗಸು ನಮ್ಮ ಜೊತೆಗೇ ಉಂಡು ಮಲಗುತ್ತಿದ್ದರು. ಉಮ್ಮ ಎದ್ದು, ಉಪ್ಪನ ಭುಜಕ್ಕೆ ಒಂದು ಗುದ್ದು ಕೊಟ್ಟರು, ಜೋರಾಗಿಯೇ. ಆಮೇಲೆ ಅಲ್ಲೇ ಅವರ ಪಕ್ಕ ಕುಳಿತು ಗಡ್ಡದಲ್ಲಿ ಅಂಟಿದ್ದ ಪ್ಲಾಸ್ಟರನ್ನು ಒಂದೊಂದಾಗಿ ಬಿಡಿಸತೊಡಗಿದರು.

ನೆಲ ಗುಡಿಸಿದವರೂ ಅವರೇ. ಒಡೆದ ಅಚ್ಚನ್ನು ಬಿಸಾಡಿರುತ್ತಾರೆ ಎಂದುಕೊಂಡಿದ್ದೆ. ಮರುದಿನ ನೋಡಿದರೆ ಅದು ಹಳೆಯ ತಲೆವಸ್ತ್ರದಲ್ಲಿ ಸುತ್ತಿಕೊಂಡು ಕಪಾಟಿನ ಮೇಲೆ ಕುಳಿತಿತ್ತು. ಕೇಳಿದರೆ, 'ಎಂತಾದ್ರೂ ಮುಖ ಅಲ್ವಾ. ಕಸದ ಜೊತೆ ಹೇಗೆ ಹಾಕುದು?' ಎಂದರು.

ಆ ವಾರ ಉಪ್ಪ ಅಂಗಡಿಗೆ ಹೋಗಲಿಲ್ಲ. ನಾಲ್ಕು ಜನ ಬಂದು ಕೇಳಿದರೆ ಜ್ವರ ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಚಾ ಕುಡಿಯುತ್ತ, 'ಮನೆಯಲ್ಲಿ ಹೇಳಿ ಆಯ್ತು. ಇನ್ನು ಅಲ್ಲಿ ಹೇಳದೆ ಇರ್ಲಿಕ್ಕೆ ಆಗುದಿಲ್ಲ' ಎಂದರು. ನನ್ನನ್ನು ಜೊತೆಗೆ ಕರೆದರು.

ನಾವು ಹೋದಾಗ ಗೆಳೆಯನ ಹೆಂಡತಿ ತೋಟದಿಂದ ಬರುತ್ತಿದ್ದರು. ಮರ ಕೆತ್ತಿ ಹಾಲು ಇಳಿಸುವ ಟ್ಯಾಪಿಂಗ್ ಅವರೇ ಮಾಡುವುದು. ಒಂದು ಕೈಯಲ್ಲಿ ರಬ್ಬರ್ ಹಾಲಿನ ಬಕೆಟು, ಸೊಂಟದಲ್ಲಿ ಕತ್ತಿ. ಅಂಗಳದ ಹಗ್ಗದ ಮೇಲೆ ರಬ್ಬರ್ ಶೀಟುಗಳು ಒಣಗುತ್ತಿದ್ದವು. ಉಪ್ಪ ಅವರಿಗೆ ಇಕ್ಕ, ಅಣ್ಣನ ಹಾಗೆ; ಅವರು ಉಪ್ಪನಿಗೆ ಚೇಚಿ, ಅಕ್ಕನ ಹಾಗೆ. ನಮ್ಮನ್ನು ಕಂಡು ಅವರಿಗೆ ಆಶ್ಚರ್ಯ.

'ಎಂತ ಇಕ್ಕ, ಕ್ರಿಸ್ಮಸ್ ಇನ್ನೂ ಬರ್ಲಿಲ್ಲ! ಮಗಳಿಗೆ ಮದುವೆಯಾ?'

ಉಪ್ಪ ಕೂರಲಿಲ್ಲ. ಅಂಗಳದಲ್ಲಿ ನಿಂತೇ, ಎಲ್ಲೂ ನಿಲ್ಲಿಸದೆ ಹೇಳಿ ಮುಗಿಸಿದರು. ಆಕೆ ಬಕೆಟನ್ನು ಕೆಳಗಿಟ್ಟಿದ್ದರು. ಕೇಳುತ್ತ ಕೇಳುತ್ತ ಅವರ ಮುಖದಲ್ಲಿ ಯಾವ ಬದಲಾವಣೆಯೂ ಆಗಲಿಲ್ಲ. ಮುಗಿದ ಮೇಲೆ ಬಹಳ ಮೆಲ್ಲಗೆ ಕೇಳಿದರು:

'ಈಗ ಯಾಕೆ ಹೇಳಿದ್ರಿ?'

ಉಪ್ಪ ಕೆಳಗಿಟ್ಟ ಬಕೆಟನ್ನೇ ನೋಡುತ್ತಿದ್ದರು.

'ನಿದ್ದೆಯಲ್ಲಿ ಹೋದ್ರು ಅಂತ ನೀವು ಹೇಳಿದ್ರಿ. ನಾನು ಅದನ್ನು ಹಿಡ್ಕೊಂಡೇ ಬದುಕಿದ್ದು. ಮಲಗುವಾಗ ದಿನಾ ಅದನ್ನೇ ನೆನೆಸ್ತಿದ್ದೆ, ನೋವಾಗ್ಲಿಲ್ಲ ಅಂತ. ಈಗ ನಾನು ಯಾವುದನ್ನು ನೆನೆಸುದು? ನಿಮ್ಮ ಮನಸ್ಸು ಹಗುರ ಮಾಡ್ಲಿಕ್ಕೆ ನನ್ನ ಮೇಲೆ ಇಷ್ಟು ಮರಳು ಹಾಕಿದ್ರಲ್ಲ ನೀವು!'

ಕೊನೆಯ ಮಾತು ಕಿರುಚಿದ ಹಾಗಿತ್ತು. ಸತ್ಯ ಹೇಳಿದರೆ ಆಕೆ ಅಳುತ್ತಾರೆ, ಉಪ್ಪನನ್ನು ಕ್ಷಮಿಸುತ್ತಾರೆ, ನಾವು ಚಾ ಕುಡಿದು ಹಗುರವಾಗಿ ಬರುತ್ತೇವೆ ಎಂದೇ ನಾನು ಬಸ್ಸಿನಲ್ಲಿ ಕುಳಿತು ಎಣಿಸಿದ್ದು. ಉಪ್ಪ ತಲೆ ತಗ್ಗಿಸಿ, 'ಹೋಗುವ ಮೋಳೇ' ಎಂದರು.

ನಾವು ಗೇಟು ದಾಟುವಷ್ಟರಲ್ಲಿ ಆಕೆ ಹಿಂದಿನಿಂದ ಕರೆದರು.

'ಅವರ ಮಾತು ಕೇಳ್ತಿತ್ತು ಅಂದ್ರಿ. ಎಂತ ಮಾತಾಡಿದ್ರು?'

ಉಪ್ಪ ತಿರುಗಿದರು. ಇದನ್ನು ನಮ್ಮ ಮನೆಯಲ್ಲೂ ಹೇಳಿರಲಿಲ್ಲ.

'ಬೈತಾ ಇದ್ದ ಚೇಚಿ. ಮೊದಲು ಫೋರ್‌ಮನ್‌ನ ಅಪ್ಪ ಅಜ್ಜ ಎಲ್ಲರನ್ನೂ ಬೈದ. ಆಮೇಲೆ ನನಗೆ ಬೈದ, ಮಾತಾಡ್ಬೇಡ, ಗಾಳಿ ಮುಗೀತದೆ ಅಂತ. ತಾನು ಮಾತ್ರ ನಿಲ್ಲಿಸ್ಲಿಲ್ಲ. ಮಧ್ಯಾಹ್ನಕ್ಕೆ ಮೀನು ಸಾರು ಮಾಡಿಟ್ಟಿದ್ದೆ, ಆ ಬಂಗಾಳಿಗಳು ತಿಂದು ಮುಗಿಸ್ತಾರೆ ಅಂತ ಹೇಳಿದ. ಆಮೇಲೆ ನಿಮ್ಮನ್ನು ಒಂದು ಸಲ ಕರೆದ.'

'ಹೆಸರು ಹಿಡಿದಾ?'

'ಹೆಸರು ಹಿಡಿದೇ.'

ಆಕೆಯ ಬಾಯಿಯಿಂದ ನಗು ಹೊರಟಿತು, ಅರ್ಧಕ್ಕೆ ಅದು ಅಳುವಾಯಿತು. ಮೀನು ಸಾರು, ಮೀನು ಸಾರು ಎಂದು ಮಲಯಾಳದಲ್ಲಿ ಹೇಳಿಕೊಳ್ಳುತ್ತ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಬಕೆಟು ಅಂಗಳದಲ್ಲೇ ಇತ್ತು. ಅಷ್ಟು ಹೊತ್ತಿಗೆ ಹಾಲು ಹೆಪ್ಪುಗಟ್ಟತೊಡಗಿತ್ತು.

ಕಾಲೇಜಿನಲ್ಲಿ ಸರ್ ಹತ್ತಿರ ವಿಷಯ ಹೇಳಿದಾಗ ಅವರ ಕಣ್ಣು ಹೊಳೆಯಿತು. 'ಇದು! ಇದನ್ನೇ ನಾನು ಹೇಳಿದ್ದು! ಅಪ್ಪನ ಸ್ವರ ರೆಕಾರ್ಡ್ ಮಾಡು. ಕತ್ತಲೆ ಕೋಣೆ, ಮರಳು, ಉಸಿರಾಟದ ಶಬ್ದ...' ಎಂದು ಎದ್ದು ಓಡಾಡತೊಡಗಿದರು. ಒಳ್ಳೆಯ ಮನುಷ್ಯ, ಒಳ್ಳೆಯ ಮೇಷ್ಟ್ರು. ಆದರೆ ಅವರ ಆ ಖುಷಿ ನೋಡಿ ನಾನು ಆಯಿತು ಎನ್ನಲಿಲ್ಲ. ಒಡೆದ ಅಚ್ಚಿನಲ್ಲಿ ಪ್ಲಾಸ್ಟರ್ ಹುಯ್ದು ಮುಖ ಮಾತ್ರ ತೆಗೆದೆ. ಒಂದು ಕಣ್ಣಿನ ಜಾಗ ಹರಿದುಹೋಗಿತ್ತು. ಬಾಯಿ ಓರೆಯಾಗಿ ತೆರೆದುಕೊಂಡಿತ್ತು. ಮನೆಗೆ ತಂದು ಉಪ್ಪನಿಗೆ ತೋರಿಸಿದೆ. ಒಮ್ಮೆ ನೋಡಿ ಮುಖ ತಿರುಗಿಸಿದರು.

'ಬೇಡ ಮೋಳೇ. ಇದನ್ನು ಜನ ನೋಡುದು ಬೇಡ.'

ಸರಿ ಎಂದು ಒಳಗಿಟ್ಟೆ. ಇಸ್ತ್ರಿ ಅಂಗಿಯ ಫೋಟೋಗಳನ್ನೇ ಕೊಡುವುದೆಂದು ತೀರ್ಮಾನಿಸಿದೆ.

ಮಳೆಗಾಲ ಕಳೆದ ಮೇಲೆ ಒಂದು ದಿನ ಹೇಳದೆ ಕೇಳದೆ ಇಚಿಲಂಪಾಡಿಯಿಂದ ಆಕೆ ನಮ್ಮ ಮನೆಗೆ ಬಂದರು. ಉಮ್ಮನಿಗೂ ಅವರಿಗೂ ಅದೇ ಮೊದಲ ಭೇಟಿ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದೇ ಅಪ್ಪಿಕೊಂಡರು. ಆಮೇಲೆ ಆಕೆ ನನ್ನ ಕಡೆ ತಿರುಗಿ, 'ಎಂತದೋ ಮುಖ ಮಾಡಿದ್ದೀಯಂತೆ, ನಿನ್ನ ಉಪ್ಪ ಫೋನಿನಲ್ಲಿ ಹೇಳಿದ್ರು. ತೋರ್ಸು' ಎಂದರು. ಅವರಿಬ್ಬರು ಫೋನಿನಲ್ಲಿ ಮಾತಾಡಿಕೊಳ್ಳುತ್ತಿದ್ದಾರೆಂಬುದೇ ನನಗೆ ಗೊತ್ತಿರಲಿಲ್ಲ.

ಹೆದರುತ್ತಲೇ ತಂದು ಮೇಜಿನ ಮೇಲಿಟ್ಟೆ. ಆಕೆ ಕನ್ನಡಕ ಹಾಕಿಕೊಂಡು ಹತ್ತಿರದಿಂದ ನೋಡಿದರು. ತೆರೆದ ಬಾಯಿಯ ಸುತ್ತ ಬೆರಳಾಡಿಸಿದರು.

'ಪೆಟ್ಟಿಗೆ ತೆರೆದು ನೋಡ್ಲಿಕ್ಕೆ ನನ್ನನ್ನು ಬಿಡ್ಲಿಲ್ಲ. ನಿನ್ನ ನೆನಪಿನಲ್ಲಿ ಒಳ್ಳೇ ಮುಖ ಇರಲಿ ಅಂದ್ರು. ಇದನ್ನು ಎಲ್ಲರೂ ನೋಡ್ಬೇಕು. ಹಾರ್ಟ್ ಅಟ್ಯಾಕ್ ಅಲ್ಲ ಅಂತ ಕೆಳಗೆ ಬರೀಬೇಕು. ದೊಡ್ಡ ಅಕ್ಷರದಲ್ಲಿ.'

ಉಪ್ಪ ಬಾಗಿಲ ಹತ್ತಿರ ನಿಂತಿದ್ದರು. 'ಅದು ನನ್ನ ಮುಖ ಚೇಚಿ' ಎಂದರು.

'ಇರ್ಬಹುದು ಇಕ್ಕ. ಅವರದ್ದು ಸಿಗುದಿಲ್ಲ. ನಿಮ್ಮದು ಸಾಲ ಕೊಡಿ.'

ಉಪ್ಪ ಹೊರಗೆ ಹೋಗಿ ಅಂಗಳದಲ್ಲಿ ನಿಂತರು. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಬಂದು ಊಟಕ್ಕೆ ಬಡಿಸಲು ಹೇಳಿದರು. 'ಮೋಳೇ, ಅವರು ಹೇಳಿದ ಹಾಗೆ ಮಾಡು' ಎಂದರು. ಅವತ್ತು ಇಬ್ಬರೂ ಎದುರು ಬದುರು ಕುಳಿತು ಉಂಡರು.

ಪ್ರದರ್ಶನವನ್ನು ಮಂಗಳೂರಿನ ಬದಲು ಪುತ್ತೂರಿನಲ್ಲಿ ಮಾಡಿದೆ. ಪೇಟೆಯಲ್ಲಿ ಖಾಲಿ ಬಿದ್ದಿದ್ದ ಒಂದು ಗೋದಾಮು ಸಿಕ್ಕಿತು. ಮುಂದಿನ ಕೋಣೆಯ ಗೋಡೆಗೆ ನನ್ನ ಫೋಟೋಗಳು. ಸೆಂಟು ಪೂಸಿಕೊಂಡವರೆಲ್ಲ ಸಾಲಾಗಿ ನಗುತ್ತಿದ್ದರು. ಅವರನ್ನು ದಾಟಿ ಒಳಗೆ ಹೋದರೆ ಮರಳಿನ ರಾಶಿ, ಅದರಲ್ಲಿ ಕೆನ್ನೆಯವರೆಗೆ ಹೂತ ಆ ಮುಖ, ಮೇಲಿನಿಂದ ಒಂದು ಬಲ್ಬು. ಸ್ವರ ಇಲ್ಲ, ಉಸಿರಾಟದ ಶಬ್ದ ಇಲ್ಲ. ಕೆಳಗೆ ಇಚಿಲಂಪಾಡಿಯ ಚೇಚಿ ಹೇಳಿದ ಸಾಲು, ಕನ್ನಡದಲ್ಲೂ ಮಲಯಾಳದಲ್ಲೂ: 'ಇವರು ನಿದ್ದೆಯಲ್ಲಿ ಸತ್ತದ್ದಲ್ಲ.' ಹೆಸರು ಬರೆದಿರಲಿಲ್ಲ.

ಮೊದಲ ದಿನ ಉಪ್ಪ ಹೊರಗೆ ರಸ್ತೆಯ ಬದಿಯಲ್ಲೇ ಉಳಿದರು. ಫೋಟೋದಲ್ಲಿದ್ದವರು ತಮ್ಮ ತಮ್ಮ ಮುಖ ನೋಡಲು ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದರು. ಮುಂದಿನ ಕೋಣೆಯಲ್ಲಿ ಗಲಾಟೆ, ನಗು, ಮೊಬೈಲಿನಲ್ಲಿ ಫೋಟೋದ ಫೋಟೋ. ಒಳಗೆ ಹೋದವರು ಮಾತ್ರ ಬೇಗ ಹೊರಗೆ ಬರುತ್ತಿರಲಿಲ್ಲ. ನಾನು ಬಾಗಿಲಲ್ಲಿ ನಿಂತಿದ್ದೆ. ಒಬ್ಬ ಹಿರಿಯರು, ಇದೆಲ್ಲ ಮಾಡಬಾರದಿತ್ತು, ಮುಖ ಮಾಡುವುದೇ ತಪ್ಪು ಎಂದು ನನಗೆ ಗದರಿಸಿ ಹೋದರು. ಉಮ್ಮ ನನ್ನ ಪಕ್ಕದಲ್ಲೇ ಇದ್ದರು. 'ಹೌದು, ತಪ್ಪೇ' ಎಂದು ಅವರಿಗೆ ಹೇಳಿ, ನನ್ನ ಕೈಯನ್ನು ಬಿಡದೆ ಹಿಡಿದುಕೊಂಡರು.

ಸಂಜೆಯ ಹೊತ್ತಿಗೆ ಮಂಡೆಕೋಲಿನವರು ಬಂದರು, ಫೋಟೋಕ್ಕೆ ಸೆಂಟು ಪೂಸಿದವರು. ಹೆಂಡತಿಯೂ ಜೊತೆಗಿದ್ದರು. ಹೊರಗಿನ ಕೋಣೆಯಲ್ಲಿ ತಮ್ಮ ಫೋಟೋ ಕಂಡು ಹಿಗ್ಗಿದರು. ಹಾಗೆಯೇ ನಗುತ್ತ ಒಳಗೆ ಹೋದರು. ನಗು ಹೇಗೆ ನಿಂತಿತೆಂದು ನಾನು ಕಣ್ಣಾರೆ ನೋಡಿದೆ. ಅವರು ರಾಶಿಯ ಎದುರು ಕುಕ್ಕರುಗಾಲಲ್ಲಿ ಕುಳಿತರು. ಹೆಂಡತಿ ಆ ಸಾಲನ್ನು ಓದಿ, 'ಪಾಪ, ಯಾರೋ ಎಂತದೋ' ಎಂದರು. ಅವರು ಏಳಲಿಲ್ಲ. ತಮ್ಮ ಅಂಗಿಯ ಎಡತೋಳನ್ನು ಮೆಲ್ಲಗೆ ಮೇಲಕ್ಕೆ ಸರಿಸುತ್ತ ಹೋದರು. ನಾನು ಅಷ್ಟು ಸಲ ಫೋಟೋ ತೆಗೆದಾಗ ಕಾಣದ ಒಂದು ಉದ್ದದ ಸುಟ್ಟ ಕಲೆ ಅಲ್ಲಿತ್ತು.

'ಅದು ಅಡುಗೆ ಮಾಡುವಾಗ ಎಣ್ಣೆ ಬಿದ್ದದ್ದಲ್ವಾ?' ಎಂದು ಹೆಂಡತಿ ಕೇಳಿದರು.

ಅವರು ಅಲ್ಲವೆಂದು ತಲೆಯಾಡಿಸಿದರು. ಆಕೆ ಒಮ್ಮೆ ಮರಳಿನಲ್ಲಿದ್ದ ಮುಖವನ್ನೂ ಒಮ್ಮೆ ಗಂಡನ ತೋಳನ್ನೂ ನೋಡಿದರು. ಬಾಯಿಗೆ ಕೈ ಅಡ್ಡ ಹಿಡಿದರು.

'ಎಂತ? ನೀವು ಕೂಡಾ?'

ನಾನು ಉಪ್ಪನನ್ನು ಕರೆಯಲು ರಸ್ತೆಗೆ ಓಡಿದೆ.